ಎಡ ಹುಬ್ಬು

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮಾಲತೇಶನ ಕಣ್ಣಿಗೆ ಮೊದಲು ಬಿದ್ದದ್ದು ಅವನೇ ಮಾಡಿದ ಫ್ಲೆಕ್ಸು. ನಡುವೆ ಕೈ ಮುಗಿದು ನಿಂತ ಯಾವುದೋ ಸೊಸೈಟಿಯ ಅಧ್ಯಕ್ಷ, ಅವನ ಸುತ್ತ ಹುಟ್ಟುಹಬ್ಬದ ಶುಭಾಶಯ ಕೋರುವ ಹದಿನೇಳು ತಲೆಗಳು. ಹದಿನೇಳೂ ಒಂದೇ ಬಣ್ಣ. ಗದ್ದೆಯಲ್ಲಿ ಬೆಂದವನು, ಲಾರಿ ಓಡಿಸುವವನು, ಮಂಡಿಯ ಗಾದಿ ಮೇಲೆ ಕೂತು ಕೊಬ್ಬಿದವನು, ಎಲ್ಲರೂ ಹಾಲಿನಲ್ಲಿ ಅದ್ದಿ ತೆಗೆದ ರಸ್ಕಿನ ಹಾಗೆ ಮೆತ್ತಗೆ, ಬೆಳ್ಳಗೆ. ಆ ಬಿಳುಪು ಮಾಲತೇಶನದು. ಶಿಕಾರಿಪುರದ ಪರಮಶಿವಪ್ಪನ ಫ್ಲೆಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ಅವನು ಎರಡು ತಾಲ್ಲೂಕಿನ ಜನರನ್ನು ಬೆಳ್ಳಗೆ ಮಾಡಿದ್ದ. ಅಂಗಡಿಯ ಕಾನೂನು ಒಂದೇ. ಯಾವ ಮುಖ ಬಂದರೂ, ಅವರು ಬಾಯಿ ಬಿಡುವ ಮೊದಲೇ, ಎರಡು ಪಾಯಿಂಟ್ ಬಿಳಿ ಏರಿಸಬೇಕು. ಮಚ್ಚೆ, ಮೊಡವೆ, ಗಾಯ ಇದ್ದರೆ ಒರೆಸಬೇಕು. ‘ಜನ ತಮ್ಮ ಮುಖ ನೋಡಾಕೆ ದುಡ್ಡು ಕೊಡಲ್ಲೋ ಮಾಲ್ತೇಶಿ, ಹಿಂಗಿದ್ದಿದ್ರೆ ಚೆಂದಿತ್ತು ಅಂಬೋದನ್ನ ನೋಡಾಕೆ ಕೊಡ್ತಾರೆ’ ಎನ್ನುತ್ತಿದ್ದ ಪರಮಶಿವಪ್ಪ. ಶ್ರದ್ಧಾಂಜಲಿಗೂ ಅದೇ ಕಾನೂನು. ಸತ್ತವನಿಗೂ ಎರಡು ಪಾಯಿಂಟ್.

ಫ್ಲೆಕ್ಸಿನ ಕೆಳಗೆ ತಳ್ಳುಗಾಡಿಯ ಹತ್ತಿರ ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದವನ ಮುಖ ಎಲ್ಲೋ ಕಂಡಂತಿತ್ತು. ಎರಡನೇ ಸಾಲು, ಐದನೇ ತಲೆ. ಕೆನ್ನೆಯ ತುಂಬ ಗುಳಿಗಳು. ಮಾಲತೇಶ ಮೊನ್ನೆ ಒಂದೊಂದಾಗಿ ಮುಚ್ಚಿದ ಗುಳಿಗಳು. ಆಸಾಮಿ ಹಣ್ಣು ಸುಲಿಯುತ್ತ ತಲೆಯೆತ್ತಿ ಫ್ಲೆಕ್ಸ್ ನೋಡಿದ, ತನ್ನನ್ನು ಹುಡುಕಿದ, ಸಿಗಲಿಲ್ಲ, ಕೊನೆಗೆ ಕೆಳಗಿನ ಹೆಸರು ಓದಿ ಗುರುತು ಹಿಡಿದು ಸಮಾಧಾನದಿಂದ ಹಣ್ಣು ಬಾಯಿಗಿಟ್ಟ. ಥೂ, ಎಂದುಕೊಂಡ ಮಾಲತೇಶ. ತನ್ನ ಮುಖ ತನಗೇ ಗುರುತು ಸಿಗದ ಮೇಲೂ ಖುಷಿಯಾಗಿರುವ ನಾಯಿಗಳು. ಇಂಥವರ ಮುಖ ತೊಳೆದು ತೊಳೆದು ತನ್ನ ಬೆರಳು ಸವೆದುಹೋದವು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದೇ ಹೆಚ್ಚು ಎಂದು ಹೇಳುವ ಮಾವಂದಿರು ಊರ ತುಂಬ ಇದ್ದರು. ಅವರ ಮುಖಗಳನ್ನೂ ಅವನು ತೊಳೆದಿದ್ದ.

ಆದರೆ ಇವತ್ತಿನಿಂದ ಅದೆಲ್ಲ ಬೇರೆ ಆಗುವುದಿತ್ತು. ಜೇಬಿನಲ್ಲಿ ದುಡ್ಡಿತ್ತು, ಹಳೆಯ ಕ್ಯಾಮೆರಾ ಮಾರುತ್ತಿದ್ದ ತೀರ್ಥೇಶನ ಮನೆಯ ದಾರಿ ಫೋನಿನಲ್ಲಿತ್ತು, ಇನ್ನರ್ಧ ಗಂಟೆಯಲ್ಲಿ ಕೈಯಲ್ಲಿ ಕ್ಯಾಮೆರಾ ಇರುತ್ತಿತ್ತು. ಫೋನಲ್ಲ, ಕ್ಯಾಮೆರಾ. ಮೂರು ವರ್ಷದಿಂದ ಅಂಬ್ಲಿಗೊಳದ ಡ್ಯಾಮಿನ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ಹೊಟ್ಟೆ ಮೇಲೆ ಮಲಗಿ ಅವನು ಫೋನಿನಲ್ಲೇ ಹಕ್ಕಿಗಳ ಫೋಟೊ ಹೊಡೆದಿದ್ದ. ಬರಿಗಣ್ಣಿಗೆ ರೆಕ್ಕೆಯ ಒಂದೊಂದು ಗರಿ ಕಾಣುತ್ತಿದ್ದ ಹಕ್ಕಿ, ಫೋನಿನಲ್ಲಿ ಹತ್ತಿರಕ್ಕೆ ಎಳೆದ ಕೂಡಲೇ ಗೋಡೆಗೆ ಮೆತ್ತಿದ ಸಗಣಿಯಾಗುತ್ತಿತ್ತು. ಕ್ಯಾಮೆರಾ ಇದ್ದಿದ್ದರೆ. ಆ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ಅಂಗಡಿಯಲ್ಲಿ ಅದು ಅವನ ಅಡ್ಡಹೆಸರೇ ಆಗಿತ್ತು. ‘ಬಂದ ನೋಡ್ರೋ, ಇದ್ದಿದ್ರೆ.’ ನಗಲಿ. ನಗುವವರಿಗೆ ಬೆಳಕು ಎಂದರೆ ಟ್ಯೂಬ್‌ಲೈಟು.

ಮನೆಯಲ್ಲಿ ಹೇಳಿರಲಿಲ್ಲ. ‘ಅಂಗಡಿ ಕೆಲಸಕ್ಕೆ ಸೊರಬಕ್ಕೆ ಹೊಂಟೀನಿ’ ಎಂದಿದ್ದ. ಅವ್ವ ವರದಮ್ಮ ರೊಟ್ಟಿ ಬಡಿಯುತ್ತ ಸೊರಬ ಎಂಬ ಹೆಸರಿಗೆ ಒಂದು ಕ್ಷಣ ಕೈ ನಿಲ್ಲಿಸಿದಳು, ಮತ್ತೆ ಬಡಿದಳು. ತಂಗಿ ಸ್ಪಂದನ ಕುರ್ಚಿಯ ಬೆನ್ನಿಗೆ ಸೀರೆಯ ಸೆರಗು ಪಿನ್ನು ಮಾಡಿ ಕುಚ್ಚು ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ಎತ್ತಿದ್ದರೂ ಎಡಗಣ್ಣು ಕಾಣುತ್ತಿರಲಿಲ್ಲ. ಎರಡು ತಿಂಗಳಿಂದ ಅವಳು ಕೂದಲನ್ನು ಆ ಕಡೆಗೆ ಇಳಿಬಿಟ್ಟು ಬಾಚುತ್ತಿದ್ದಳು. ‘ಶಿಕಾರಿಪುರದಾಗೆ ಇಳುದ್ರೆ ಆ ಟ್ಯೂಬ್ ಒಂದು ತಗಂಬಾ ಅಣ್ಣ, ಮುಗೀತು’ ಎಂದಳು. ಮುಖ ಬೆಳ್ಳಗಾಗಿಸುವ ಕ್ರೀಮು, ಇದು ಮೂರನೆಯ ಟ್ಯೂಬು. ಹಿಂದಿನ ಎರಡನ್ನೂ ಅವನೇ ಮೆಡಿಕಲ್ ಶಾಪಿನಿಂದ ಹೆಸರು ಹೇಳಲು ನಾಚಿ ಬೆರಳಲ್ಲಿ ತೋರಿಸಿ ತಂದಿದ್ದ.

ತೀರ್ಥೇಶನ ಮನೆ ಹೊಸ ಬಡಾವಣೆಯಲ್ಲಿತ್ತು. ಬಾಗಿಲು ತೆಗೆದದ್ದು ಅವನ ತಾಯಿ ಬಸವಣ್ಣೆಮ್ಮ. ಮಾಲತೇಶನನ್ನು ನೋಡಿದಳು, ಎಲ್ಲಿ ನೋಡಿದ್ದು ಎಂದು ಹುಡುಕಿದಳು, ಸಿಕ್ಕಿತು, ಸಿಕ್ಕಿದ್ದನ್ನು ಸೆರಗಿನೊಳಗೆ ಮುಚ್ಚಿಕೊಂಡಂತೆ ಮುಖ ಮಾಡಿ, ‘ಬನ್ನಿ, ಬನ್ನಿ, ತಾಳಗುಂದದವರಲ್ದಾ, ಕೂತ್ಕಳಿ’ ಎಂದು ಒಳಗೆ ಹೋದಳು. ಅವಳ ಆ ಬೆನ್ನನ್ನು ಅವನು ಮರೆತಿರಲಿಲ್ಲ. ಎರಡು ತಿಂಗಳ ಹಿಂದೆ ಹೆಣ್ಣು ನೋಡಲು ಬಂದವಳು ತಾಳಗುಂದದ ಅವರ ಮನೆಯ ಚಾಪೆಯ ಮೇಲೆ ಇದೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪಕ್ಕದಲ್ಲಿ ಮಗ ತೀರ್ಥೇಶ, ಗೊಬ್ಬರ–ಬೀಜದ ಅಂಗಡಿಯವನು, ಅವಲಕ್ಕಿ ತಿನ್ನುತ್ತ ಮಾಲತೇಶನ ಫೋನಿನಲ್ಲಿದ್ದ ಹಕ್ಕಿಗಳನ್ನು ಸರಿಸಿ ಸರಿಸಿ ನೋಡಿ, ‘ಕಣ್ಣಿದೆ ಮಾರಾಯ್ರೆ ನಿಮಗೆ. ಆದ್ರೆ ಫೋನಲ್ಲಿ ಇಷ್ಟೇ ಆಗೋದು. ನನ್ನ ಹತ್ರ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಕಿಟ್ ಇದೆ, ಕೊಡೋಣ ಅಂತಿದೀನಿ, ನಂಬರ್ ಇಟ್ಕಳಿ’ ಎಂದಿದ್ದ. ಆ ಹೊತ್ತಿಗೆ ಸ್ಪಂದನ ಟ್ರೇ ಹಿಡಿದು ಬಂದಳು. ಬಸವಣ್ಣೆಮ್ಮ ತನ್ನ ಫೋನಿನಲ್ಲಿದ್ದ ಹುಡುಗಿಯನ್ನು ನೋಡಿದಳು, ಎದುರಿಗಿದ್ದ ಹುಡುಗಿಯನ್ನು ನೋಡಿದಳು, ಮತ್ತೆ ಫೋನು ನೋಡಿದಳು. ‘ಹುಡುಗಿ ಇವಳಾ? ಹಂಗಾದ್ರೆ ಫೋಟೋದಲ್ಲಿರೋಳು ಎಲ್ಲಿ?’ ಎಂದಳು. ತಮಾಷೆಗೇ ಎಂದದ್ದು. ಎಲ್ಲರೂ ನಕ್ಕರು. ದಲ್ಲಾಳಿ ಸಣ್ಣಪ್ಪ ಮಾವ ನಕ್ಕ, ಅಪ್ಪ ನಕ್ಕ. ಮಾಲತೇಶನೂ ನಕ್ಕಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕು, ‘ಈಗಿನ ಫೋನು ತಾವೇ ಹಂಗೆ ಮಾಡಿಬಿಡ್ತಾವ್ರೀ, ಆಟೋಮ್ಯಾಟಿಕ್ಕು’ ಎಂದಿದ್ದ. ಸ್ಪಂದನ ಟ್ರೇಯನ್ನು ಚಾಪೆಯ ಮೇಲಿಟ್ಟು ಒಳಗೆ ಹೋದಳು. ವಾರ ಕಳೆದರೂ ಆ ಕಡೆಯಿಂದ ಮಾತಿಲ್ಲ. ಕೇಳಿದ್ದಕ್ಕೆ ಸಣ್ಣಪ್ಪ ಮಾವ ಎಲೆಯಡಿಕೆ ಉಗಿದು, ‘ಬಣ್ಣ ಸ್ವಲ್ಪ ಕಮ್ಮಿ ಅಂತ ಕಾಣ್ತದೆ ಅವರಿಗೆ’ ಎಂದ. ಅಷ್ಟೇ. ಆ ಒಂದು ಮಾತು ಮನೆಯಲ್ಲಿ ಉಳಿದುಕೊಂಡಿತು. ಮರುದಿನ ಸ್ಪಂದನ ಮೊದಲನೆಯ ಟ್ಯೂಬು ತರಲು ಅವನಿಗೆ ಹೇಳಿದಳು.

‘ಓ, ಬಂದ್ರಾ! ಬಸ್ ಸಿಕ್ತಾ ಸರಿಯಾಗಿ?’ ತೀರ್ಥೇಶ ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಳ್ಳುತ್ತ ಬಂದ. ಮುಖದಲ್ಲಿ ಅಪರಾಧದ ಗುಲಗಂಜಿಯಷ್ಟೂ ಗುರುತಿಲ್ಲ. ಕಪ್ಪು ಬ್ಯಾಗನ್ನು ಟೀಪಾಯಿಯ ಮೇಲಿಟ್ಟು ಜಿಪ್ಪು ಎಳೆದು ಒಂದೊಂದಾಗಿ ತೆಗೆದಿಟ್ಟ: ಬಾಡಿ, ಅದರ ಜೊತೆ ಬಂದ ಚಿಕ್ಕ ಲೆನ್ಸು, ದೂರದ್ದನ್ನು ಎಳೆಯುವ ಉದ್ದ ಲೆನ್ಸು, ಮುಖಗಳಿಗೆಂದೇ ಇರುವ ಐವತ್ತರ ಪುಟ್ಟ ಲೆನ್ಸು, ಎರಡು ಬ್ಯಾಟರಿ, ಚಾರ್ಜರು, ಕಾರ್ಡು. ಮಾಲತೇಶ ಮುಖ ಗಂಟಿಕ್ಕಿಕೊಂಡೇ ನೋಡಿದ. ಬಾಯಲ್ಲಿ ನೀರೂರುವುದು ಕಾಣಬಾರದು. ಯೂಟ್ಯೂಬಿನಲ್ಲಿ ಹತ್ತು ಸಲ ನೋಡಿ ಬಾಯಿಪಾಠ ಮಾಡಿಕೊಂಡಿದ್ದನ್ನು ಕೇಳಿದ. ‘ಶಟರ್ ಕೌಂಟ್ ಎಷ್ಟಾಗೈತ್ರೀ?’

‘ಮೂವತ್ತೊಂದು ಸಾವಿರ ಫೋಟೊ ಹೊಡ್ದಿದೆ. ಲಕ್ಷದವರೆಗೆ ಎಂತದೂ ಆಗಲ್ಲ. ಲೆನ್ಸಲ್ಲಿ ಬೂಷ್ಟು ಬಂದಿದೆಯಾ, ಬೆಳಕಿಗೆ ಹಿಡಿದು ನೋಡ್ಕಳಿ. ನಾನು ಹೊಸ ಮಿರರ್‌ಲೆಸ್ ತಗೊಂಡೆ, ಕನ್ನಡಿ ಇಲ್ದಿರೋದು, ಅದಕ್ಕೆ ಇದನ್ನ ಕೊಡ್ತಿರೋದು, ಇಲ್ದಿದ್ರೆ ಎಂತಕ್ಕೆ ಕೊಡ್ಲಿ.’ ಅವನು ಲೆನ್ಸು ಬಿಚ್ಚಿ ಬಾಡಿಯ ಒಳಗನ್ನು ತೋರಿಸಿದ. ಬೆರಳಿನ ಉಗುರಿನಷ್ಟು ಕನ್ನಡಿ ಓರೆಯಾಗಿ ಕೂತಿತ್ತು. ‘ನೀವು ನೋಡೋದು ಈ ಕನ್ನಡಿಯಲ್ಲಿ. ಬಟನ್ ಒತ್ತಿದ ಕೂಡ್ಲೇ ಇದು ಮೇಲೆದ್ದು ಜಾಗ ಬಿಡ್ತದೆ, ಬೆಳಕು ಒಳಗೆ ಹೋಗ್ತದೆ. ಆ ಒಂದು ಗಳಿಗೆ ನಿಮ್ಮ ಕಣ್ಣಿಗೆ ಕತ್ತಲೆ. ಫೋಟೊ ಬೀಳೋ ಹೊತ್ತಲ್ಲಿ ಹೊಡೆಯೋನಿಗೆ ಮಾತ್ರ ಕಾಣಲ್ಲ, ನೋಡಿ ತಮಾಷೆ.’ ಮೇಷ್ಟರ ಹಾಗೆ ಮಾತಾಡುತ್ತಿದ್ದ. ಯೂರಿಯಾ ಚೀಲ ಹೊಲಿಯುವವನಿಗೆ ಮಾತು ನೋಡು, ಎಂದುಕೊಂಡ ಮಾಲತೇಶ. ಎಂದುಕೊಂಡರೂ ಕನ್ನಡಿಯಿಂದ ಕಣ್ಣು ಕೀಳಲಾಗಲಿಲ್ಲ.

‘ಹೊಡ್ದು ನೋಡಿ.’ ಕ್ಯಾಮೆರಾ ಕೈಗೆ ಬಂತು. ಭಾರ. ಇಷ್ಟು ವರ್ಷ ಕೈ ಚಾಚಿ ಗಾಳಿಯಲ್ಲಿ ಫೋನು ಹಿಡಿದವನಿಗೆ ಮುಖಕ್ಕೆ ಒತ್ತಿಕೊಳ್ಳುವ ವಸ್ತುವೊಂದು ಬಂದಾಗ ಮೂಗು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಕಿಟಕಿಯಾಚೆಯ ದಾಸವಾಳಕ್ಕೆ ಗುರಿಯಿಟ್ಟು ಒತ್ತಿದ. ಚಟಕ್. ಆ ಸದ್ದು ಎದೆಗೆ ಹೋಯಿತು. ಹಿಂದಿನ ಪರದೆಯಲ್ಲಿ ನೋಡಿದರೆ ಕಪ್ಪು. ಮತ್ತೆ ಒತ್ತಿದ. ಕಪ್ಪು. ಮೂರನೆಯದು ಸುಣ್ಣ ಬಳಿದಂತೆ ಪೂರ್ತಿ ಬಿಳಿ. ‘ಫೋನಾದ್ರೆ ಎಲ್ಲ ತಾನೇ ಮಾಡ್ತದೆ, ಇದರಲ್ಲಿ ನೀವೇ ಹೇಳ್ಬೇಕು’ ಎನ್ನುತ್ತ ತೀರ್ಥೇಶ ಎರಡು ಬೆರಳಲ್ಲಿ ಏನನ್ನೋ ತಿರುಗಿಸಿ ಕೊಟ್ಟ, ಚಿಕ್ಕ ಮಕ್ಕಳ ಚಡ್ಡಿಯ ಗುಂಡಿ ಹಾಕುವ ಹಾಗೆ. ನಾಲ್ಕನೆಯದರಲ್ಲಿ ದಾಸವಾಳ ಬಂತು. ಮಾಲತೇಶ ಪರದೆಯನ್ನೇ ನೋಡಿದ. ಎಸಳಿನ ನರ, ನರದ ಮೇಲೆ ಒಂದು ಇರುವೆ, ಇರುವೆಯ ಸೊಂಟ. ಇಷ್ಟು ಬೇಗ ಇಷ್ಟು ನಿಜ ಎದುರಿಗೆ ಬಂದರೆ ಮನುಷ್ಯ ಏನು ಮಾಡಬೇಕು. ಮೂರು ವರ್ಷ ಹೇಳಿಕೊಂಡು ಬಂದ ‘ಇದ್ದಿದ್ದರೆ’ ಈಗ ಇತ್ತು, ಕೈಯಲ್ಲಿ. ಇನ್ನು ಮುಂದೆ ಕಪ್ಪು ಬಂದರೆ ಅದು ಅವನದೇ ಕಪ್ಪು.

ಬಸವಣ್ಣೆಮ್ಮ ತಟ್ಟೆಯಲ್ಲಿ ಲಾಡು ತಂದಿಟ್ಟಳು. ‘ತಗಳಿ. ಮೊನ್ನೆ ಇವನ ನಿಶ್ಚಿತಾರ್ಥ ಆಯ್ತು, ಆನವಟ್ಟಿ ಕಡೆ ಹುಡುಗಿ.’ ಹೇಳಿದ ಮೇಲೆ ಅವಳಿಗೇ ಒಂದು ಥರವಾಗಿ, ‘ಮನೇಲಿ ಎಲ್ಲ ಆರಾಮಾ? ಅಮ್ಮ?’ ಎಂದಳು. ‘ಆರಾಮ್ರೀ’ ಎಂದ ಮಾಲತೇಶ. ತಿನ್ನಬಾರದೆಂದು ಅವನಿಗೆ ಗೊತ್ತಿತ್ತು. ತಟ್ಟೆಯನ್ನು ಕಾಲಲ್ಲಿ ಒದೆಯಬೇಕು, ಕ್ಯಾಮೆರಾವನ್ನು ಆ ಯೂರಿಯಾ ಚೀಲದ ಮುಖಕ್ಕೆ ಎಸೆದು ಎದ್ದು ಬರಬೇಕು, ದಾರಿಯುದ್ದಕ್ಕೂ ಅದನ್ನೇ ನೆನೆನೆನೆದು ಬೀಗಬೇಕು. ಲಾಡು ಒಳ್ಳೆಯ ತುಪ್ಪದ್ದು. ಎರಡು ತಿಂದ. ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ‘ಚಾರ್ಜರು ಕಂಪನೀದೇ ಏನ್ರೀ?’ ಎಂದು ಕೇಳಿದ.

ತಾಯಿ ಒಳಗೆ ಹೋದದ್ದನ್ನು ನೋಡಿಕೊಂಡು ತೀರ್ಥೇಶ ದನಿ ತಗ್ಗಿಸಿದ. ‘ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕಬಾರ್ದು. ನಿಮ್ಮ ತಂಗಿಯವರ ಬಗ್ಗೆ ನಮಗೆ ಎಂತದೂ ಇರ್ಲಿಲ್ಲ. ಬಣ್ಣ ಗಿಣ್ಣ ಅಂತೆಲ್ಲ ನಮ್ಮಲ್ಲಿ ನೋಡಲ್ಲ. ನಮ್ಮಮ್ಮನೇ ಎಷ್ಟು ಕಪ್ಪು, ನೋಡಿದೀರಲ್ಲ. ಆ ಫೋಟೊ ಕಣ್ರೀ ಆಗಿದ್ದು. ಎಡಗಡೆ ಹುಬ್ಬಿನ ಮೇಲೆ ಗಾಯದ ಗುರುತಿತ್ತಲ್ಲ ಅವರಿಗೆ, ಫೋಟೋದಲ್ಲಿ ಇರ್ಲಿಲ್ಲ. ಅಷ್ಟು ಸಣ್ಣದನ್ನ ಮುಚ್ಚಿಟ್ಟವರು ಇನ್ನೆಂತ ಮುಚ್ಚಿಟ್ಟಿದಾರೋ ಅಂತ ಅಮ್ಮ ಹಿಡ್ಕೊಂಡ್ಬಿಟ್ಲು. ಫಿಟ್ಸು ಗಿಟ್ಸು ಬಂದು ಬಿದ್ದಿದ್ದಿರ್ಬೇಕು ಅಂತ ಯಾರೋ ಹೇಳಿದ್ರು...’

‘ಫೋನು ತಾನೇ ಮಾಡಿದ್ದು ಅದು. ಆಟೋಮ್ಯಾಟಿಕ್ಕು.’ ಮಾತು ಅವನ ಬಾಯಿಂದ ತಾನಾಗಿಯೇ ಹೊರಬಿತ್ತು.

ತೀರ್ಥೇಶ ನಕ್ಕ. ಕೆಟ್ಟ ನಗುವಲ್ಲ, ಅದೇ ಕಷ್ಟ. ‘ಫೋನು ಚರ್ಮ ನುಣ್ಣಗೆ ಮಾಡ್ತದೆ ಮಾರಾಯ್ರೆ, ಹುಬ್ಬು ಬರೆಯಲ್ಲ. ಬಲಗಡೆ ಹುಬ್ಬಿಂದ ಒಂದು ತುಂಡು ಎತ್ತಿ ಎಡಕ್ಕೆ ಅಂಟಿಸಿದಾರೆ ಯಾರೋ. ತಿರುಗಿಸೋದು ಮರ್ತಿದಾರೆ. ಎಡ ಹುಬ್ಬಿನ ಕೂದಲು ಎಲ್ಲ ಕಿವಿ ಕಡೆ ಬಾಗಿದ್ರೆ, ನಡುವೆ ಅಷ್ಟೇ ಜಾಗದ್ದು ಮೂಗಿನ ಕಡೆ ಬಾಗಿತ್ತು. ನಾನು ನೋಡಿದ ಕೂಡ್ಲೇ ಅಂದ್ಕಂಡೆ, ಫ್ಲೆಕ್ಸ್ ಅಂಗಡಿ ಕೆಲಸ ಇದು ಅಂತ.’ ಅವನಿಗೆ ಮಾಲತೇಶ ಎಲ್ಲಿ ಕೆಲಸ ಮಾಡುತ್ತಾನೆಂಬುದು ನೆನಪಾದದ್ದು ಆಮೇಲೆ. ಕೆಮ್ಮಿ, ಬ್ಯಾಟರಿಯನ್ನು ಬಟ್ಟೆಯಲ್ಲಿ ಒರೆಸತೊಡಗಿದ. ‘ನನಗೇನೂ ಇರ್ಲಿಲ್ಲ ರೀ. ಅಮ್ಮ...’

ಮೂವತ್ತು ವರ್ಷದ ಗಂಡಸು, ಅಮ್ಮ ಎಂಬ ಕೊಡೆ ಹಿಡಿದು ನಿಂತಿದ್ದಾನೆ, ಎಂದು ಮಾಲತೇಶನಿಗೆ ಹೇಸಿಗೆಯಾಯಿತು. ಆ ಹೇಸಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ದುಡ್ಡು ಕೊಟ್ಟ, ಬ್ಯಾಗು ಹೆಗಲಿಗೇರಿಸಿದ, ಮೆಟ್ಟಿಲಿಳಿದ. ತಿರುವು ದಾಟಿದ ಮೇಲೆ ಹಿಡಿತ ಸಡಿಲವಾಯಿತು.

ಶಿರಾಳಕೊಪ್ಪದ ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಬ್ಯಾಗನ್ನು ತೊಡೆಯ ಮೇಲಿಟ್ಟು ಅಪ್ಪಿಕೊಂಡ. ತಿರುಗಿಸುವುದು ಮರೆತಿದ್ದೆ. ನಾಲ್ಕು ವರ್ಷದ ಅನುಭವ, ಎರಡು ತಾಲ್ಲೂಕಿನ ಮುಖಗಳು, ಕೊನೆಗೆ ಸ್ವಂತ ತಂಗಿಯ ಹುಬ್ಬಿನಲ್ಲಿ ತಿರುಗಿಸುವುದು ಮರೆತಿದ್ದೆ, ಎಂದುಕೊಂಡ. ಅವತ್ತು ಮಧ್ಯಾಹ್ನ ಪರಮಶಿವಪ್ಪ ಊಟಕ್ಕೆ ಹೋಗಿದ್ದ. ಸಣ್ಣಪ್ಪ ಮಾವನಿಗೆ ಕೊಡಬೇಕಾದ ಸ್ಪಂದನಳ ಫೋಟೊ ಕಂಪ್ಯೂಟರಿಗೆ ಹಾಕಿದವನ ಬೆರಳು ಅಭ್ಯಾಸದಂತೆ ಎರಡು ಪಾಯಿಂಟ್ ಏರಿಸಿತು. ಆಮೇಲೆ ಗಾಯದ ಮೇಲೆ ಬಂದು ನಿಂತಿತು. ಅಭ್ಯಾಸ ಎಂದು ಎಷ್ಟು ಸಲ ಸಮಾಧಾನ ಹೇಳಿಕೊಂಡರೂ ಅಲ್ಲಿ ಬೆರಳು ನಿಂತದ್ದು ಸುಳ್ಳಲ್ಲ. ಬೇರೆಯವರ ಗಾಯ ಒರೆಸಲು ಮೂರು ಸೆಕೆಂಡು. ಇದಕ್ಕೆ ಅವನು ಅರ್ಧ ಗಂಟೆ ತೆಗೆದುಕೊಂಡಿದ್ದ. ಯಾಕೆಂದರೆ ಅದು ಅವನೇ ಮಾಡಿದ ಗಾಯ. ಅವನಿಗೆ ಒಂಬತ್ತು, ಅವಳಿಗೆ ಏಳು. ಹೊಸ ಬುಗುರಿ, ಸಂತೆಯಿಂದ ತಂದು ಕಮ್ಮಾರನ ಹತ್ತಿರ ಉದ್ದ ಮೊಳೆ ಹಾಕಿಸಿದ್ದು. ‘ನಂಗೂ ಕೊಡು’ ಎಂದು ಹಿಂದೆ ಹಿಂದೆ ಬರುತ್ತಿದ್ದಳು. ಬೇಕೆಂದೇ ಅವಳ ಕಡೆಗೆ ಬೀಸಿದ. ತಾಗಿಸಬೇಕೆಂದಲ್ಲ, ಹೆದರಿಸಬೇಕೆಂದು. ದಾರ ಬೆರಳಿಂದ ಜಾರಿತು. ರಕ್ತ ಕಣ್ಣೊಳಗೆ ಇಳಿಯುತ್ತಿದ್ದವಳನ್ನು ಎತ್ತಿಕೊಂಡು ಮನೆಗೆ ಓಡಿ, ‘ನಲ್ಲಿಕಟ್ಟಿ ಮ್ಯಾಲೆ ಜಾರಿ ಬಿದ್ಲು’ ಎಂದಿದ್ದ. ಅವ್ವ ಸ್ಪಂದನಳ ಕಡೆ ನೋಡಿದಳು. ಏಳು ವರ್ಷದವಳು ಒಂದು ಕಣ್ಣಿನಿಂದ ಅಣ್ಣನನ್ನು ನೋಡಿ, ‘ಹ್ಞೂಂ, ನಲ್ಲಿಕಟ್ಟಿ’ ಎಂದಳು. ಇವತ್ತಿನವರೆಗೂ ಮನೆಯಲ್ಲಿ ಅದು ನಲ್ಲಿಕಟ್ಟೆಯೇ.

‘ಏನ್ ತಮ್ಮಾ, ಬೆಳೆ ಸಮೀಕ್ಷೆಯೋರಾ?’ ಪಕ್ಕದ ಸೀಟಿನ ಮುದುಕ ಬ್ಯಾಗಿನಿಂದ ಇಣುಕುತ್ತಿದ್ದ ಲೆನ್ಸನ್ನು ನೋಡಿ ಕೇಳಿದ.

‘ಅಲ್ಲಜ್ಜಾ.’

‘ಅಲ್ಲಂದ್ರೆ ಚಲೋ ಆತು. ಹೋದ ಸಲ ಒಬ್ಬ ಬಂದು ನನ್ನ ಹೊಲದಾಗೆ ನಿಂತ್ಕಂಡು ಪಕ್ಕದ ಗದ್ದೆ ಫೋಟೊ ಹೊಡ್ಕಂಡು ಹೋದ. ಪಹಣಿಯಾಗೆ ಭತ್ತ ಅಂತ ಬಂತು. ನಾನು ಬೆಳೆದದ್ದು ಮೆಕ್ಕೆಜೋಳ. ಆಫೀಸಿಗೆ ಹೋಗಿ ಹೇಳಿದ್ರೆ, ಫೋಟೋದಾಗೆ ಭತ್ತ ಐತಲ್ಲ ಅಜ್ಜಾ ಅಂತಾರೆ. ಕಾಳು ತಂದು ಮೇಜಿನ ಮ್ಯಾಲೆ ಸುರುವಿದೆ. ನೋಡವಲ್ರು. ಫೋಟೊ ನೋಡ್ತಾರೆ.’ ಮುದುಕ ನಕ್ಕ. ಹಲ್ಲಿರಲಿಲ್ಲ. ‘ಹೊಡಿಯೋನೇ ನೆಟ್ಟಗಿಲ್ದಿದ್ರೆ ಪೆಟ್ಟಿಗಿ ಏನ್ ಮಾಡತೈತಿ ಬಿಡು.’ ಊರಿನ ಎಲ್ಲ ಮುದುಕರೂ ಪುಕ್ಕಟೆ ನೀತಿ ಹೇಳಲು ಬಸ್ಸು ಹತ್ತುತ್ತಾರೆ ಎಂದು ಮಾಲತೇಶ ಹಲ್ಲು ಕಚ್ಚಿ ಕಿಟಕಿಯ ಕಡೆ ತಿರುಗಿದ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ತಾಳಗುಂದದಲ್ಲಿ ಇಳಿಯುವಾಗ ಬಿಸಿಲು ಓರೆಯಾಗಿತ್ತು. ಶಾಸನದ ಕಂಬ ನೋಡಲು ಬಂದ ಯಾರೋ ನಾಲ್ಕು ಜನ ಕಂಬಕ್ಕೆ ಬೆನ್ನು ಹಾಕಿ ತಮ್ಮ ಮುಖದ ಫೋಟೊವನ್ನೇ ಹೊಡೆದುಕೊಳ್ಳುತ್ತಿದ್ದರು. ಕಲ್ಲಿನ ಮೇಲೆ ಕೊರೆದದ್ದನ್ನು ಯಾರೂ ಒರೆಸಲಾಗದೆಂದು ಈ ಜನಕ್ಕೆ ಹೊಟ್ಟೆಯುರಿ, ಎಂದುಕೊಂಡ ಮಾಲತೇಶ. ಟ್ಯೂಬು ತರಲು ಶಿಕಾರಿಪುರದವರೆಗೆ ಹೋಗಬೇಕಿತ್ತು, ಹೋಗಲಿಲ್ಲ. ನೇರ ಮನೆಗೆ ಬಂದ.

ಅಪ್ಪ ಇನ್ನೂ ಹೊಲದಿಂದ ಬಂದಿರಲಿಲ್ಲ, ಅವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸ್ಪಂದನ ಬೆಳಿಗ್ಗೆ ಕೂತ ಜಾಗದಲ್ಲೇ ಕೂತು ಇನ್ನೊಂದು ಸೀರೆಗೆ ಕುಚ್ಚು ಹಾಕುತ್ತಿದ್ದಳು. ಯಾರದೋ ಮದುವೆಯ ಸೀರೆ. ಬ್ಯಾಗು ನೋಡಿ ಅವಳ ಕಣ್ಣರಳಿತು. ‘ಅಯ್ಯೋ ಅಣ್ಣ, ಕ್ಯಾಮೆರಾನಾ? ನಿಂದೇನಾ?’ ದಾರ ಅಲ್ಲೇ ಬಿಟ್ಟು ಬಂದಳು, ಜಿಪ್ಪು ಎಳೆದಳು, ಮುಚ್ಚಳ ಎತ್ತಿದಳು. ಮುಚ್ಚಳದ ಒಳಮೈಯಲ್ಲಿ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಬರೆದಿತ್ತು: ತೀರ್ಥೇಶ್ ಬಿ., ಸೊರಬ. ಅವನು ಅದನ್ನು ನೋಡಿಯೇ ಇರಲಿಲ್ಲ. ಶಟರ್ ಕೌಂಟ್ ಕೇಳಲು ಗೊತ್ತಿದ್ದವನಿಗೆ ಮುಚ್ಚಳ ತೆಗೆದು ನೋಡಲು ಗೊತ್ತಾಗಿರಲಿಲ್ಲ.

ಅವಳು ಓದಿದಳು. ಮುಚ್ಚಳವನ್ನು ಮೆಲ್ಲಗೆ ಹಾಕಿದಳು.

‘ಅವರ ಮನಿಗೆ ಹೋಗಿದ್ಯಾ?’

‘ಕ್ಯಾಮೆರಾಕ್ಕೆ ಹೋಗಿದ್ದೆ.’

‘ಏನಂದ್ರು?’

‘ಏನನ್ನಬೇಕು? ಏನೂ ಅನ್ಲಿಲ್ಲ.’

‘ಚಾ ಕೊಟ್ರಾ?’

ಲಾಡಿನ ತುಪ್ಪ ಇನ್ನೂ ಗಂಟಲಲ್ಲಿತ್ತು. ‘ಹೂಂ’ ಎಂದ. ಅವಳು ಇನ್ನೇನೂ ಕೇಳಲಿಲ್ಲ. ಕೇಳದೆ ಇರುವುದು ಅವಳಿಗೆ ಏಳನೇ ವಯಸ್ಸಿನಿಂದ ಬಂದ ವಿದ್ಯೆ. ಸುಮ್ಮನಿರಲಾಗದೆ ಅವನೇ, ‘ಕೂತ್ಕಾ ಅಲ್ಲಿ, ಒಂದು ಹೊಡಿತೀನಿ. ಇದು ಫೋನಿನಂಗಲ್ಲ, ಇದ್ದದ್ದು ಇದ್ದಂಗೆ ಬರತೈತಿ’ ಎಂದ.

‘ಇದ್ದಂಗೆ ಬಂದ್ರೆ ಯಾರು ನೋಡ್ತಾರೆ’ ಎಂದು ನಕ್ಕಳು. ‘ತಡಿ, ಮುಖಕ್ಕೆ ಹಚ್ಕಂಡು ಬರ್ತೀನಿ. ಟ್ಯೂಬ್ ತಂದ್ಯಾ?’

‘ಇಲ್ಲ. ಬ್ಯಾಡ ಅದು.’

‘ನಿನಗೇನು ಗೊತ್ತು ಬ್ಯಾಡ ಅನ್ನಾಕೆ’ ಎಂದವಳ ದನಿಯಲ್ಲಿ ಎರಡು ತಿಂಗಳ ನೋವು ಮೊದಲ ಸಲ ಮುಖ ತೋರಿಸಿ ಮರೆಯಾಯಿತು. ಕಿಟಕಿಯ ಗೂಡಿನಲ್ಲಿದ್ದ ಹಳೆಯ ಟ್ಯೂಬಿನ ಹೊಟ್ಟೆ ಕತ್ತರಿಸಿ ಒಳಗಿನದನ್ನು ಬೆರಳಲ್ಲಿ ಕೆರೆದು ತೆಗೆದು ಕೆನ್ನೆಗೆ ತಿಕ್ಕಿಕೊಂಡಳು. ಅವನು ನಿಂತು ನೋಡಿದ. ಎರಡು ಪಾಯಿಂಟ್. ಆಮೇಲೆ ಅವಳು ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಕುರ್ಚಿ ಎಳೆದು ಕೂತು, ಕೂದಲನ್ನು ಎಡಗಣ್ಣಿನ ಮೇಲೆ ಸರಿಮಾಡಿ ಇಳಿಬಿಟ್ಟಳು.

‘ಕೂದಲು ತೆಗಿ.’

‘ಇರಲಿ ಬಿಡು.’

‘ತೆಗಿ ಸ್ಪಂದೂ.’

ತೆಗೆದಳು. ಅವನು ಐವತ್ತರ ಲೆನ್ಸು ಹಾಕಿ ಕ್ಯಾಮೆರಾವನ್ನು ಮುಖಕ್ಕೆ ಒತ್ತಿಕೊಂಡ. ಮೂಗು ಈಗ ತಾನಾಗಿಯೇ ಜಾಗ ಹುಡುಕಿಕೊಂಡಿತು. ಕನ್ನಡಿಯಲ್ಲಿ ಅವಳೊಬ್ಬಳೇ ಇದ್ದಳು. ಬೆರಳನ್ನು ಅರ್ಧ ಒತ್ತಿದರೆ ಕೆಂಪು ಚುಕ್ಕೆಯೊಂದು ಮುಖದ ಮೇಲೆ ಅತ್ತಿತ್ತ ಹುಡುಕಿ, ಸುತ್ತಲಿಗಿಂತ ಬೆಳ್ಳಗೆ ಗೆರೆಯಾಗಿ ಹುಬ್ಬನ್ನು ಎರಡು ಮಾಡಿದ್ದ ಗಾಯದ ಗುರುತಿನ ಮೇಲೆ ಹೋಗಿ ಕೂತು ಪೀಂ ಎಂದಿತು. ಬೇರೆ ಕಡೆ ತಿರುಗಿಸಿ ಮತ್ತೆ ತಂದ. ಮತ್ತೆ ಅಲ್ಲೇ. ಫೋನು ಹಿಡಿದಾಗ ಹೊಡೆಯುವವನ ಮುಖ ಎದುರಿನವರಿಗೆ ಕಾಣುತ್ತದೆ. ಇದರ ಹಿಂದೆ ಮುಖ ಮುಚ್ಚಿ ಹೋಗುತ್ತದೆ. ಅವನು ಮಾತಾಡಲು ಶುರು ಮಾಡಿದ್ದು ಬಹುಶಃ ಆ ಧೈರ್ಯದಿಂದಲೇ.

‘ಬಣ್ಣಕ್ಕಲ್ಲ ಅವರು ಬ್ಯಾಡ ಅಂದಿದ್ದು.’

‘ಹ್ಞಾಂ?’

‘ಹುಬ್ಬಿಗೆ. ಗಾಯ ಮುಚ್ಚಿಟ್ಟಾರೆ ಅಂತ. ಬಣ್ಣ ಅಂದಿದ್ದು ಸಣ್ಣಪ್ಪ ಮಾವ, ಅವರಲ್ಲ.’ ಉಸಿರು ಕಣ್ಣಿಗೊತ್ತಿದ ಕ್ಯಾಮೆರಾದ ಗಾಜನ್ನು ಮಂಜು ಮಾಡಿತು. ‘ಫೋನು ಅಳಿಸಿದ್ದಲ್ಲ ಅದು. ನಾನೇ ಅಂಗಡ್ಯಾಗೆ ಕೂತು ಅಳಿಸಿದ್ದು.’ ಬೆರಳು ಪೂರ್ತಿ ಕೆಳಗಿಳಿಯಿತು. ಕನ್ನಡಿ ಎದ್ದಿತು. ಕತ್ತಲೆ. ಚಟಕ್.

ಬೆಳಕು ಮರಳಿ ಬಂದಾಗ ಅವಳು ತಲೆ ತಗ್ಗಿಸಿ ಮಡಿಲಿಗೆ ಅಂಟಿಕೊಂಡಿದ್ದ ದಾರದ ತುಂಡನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಮಾಲತೇಶ ಕ್ಯಾಮೆರಾ ಇಳಿಸಲಿಲ್ಲ.

‘ಅವತ್ತು ನಲ್ಲಿಕಟ್ಟಿ’ ಎಂದಳು. ‘ಇವತ್ತು ಫೋನು.’

‘ಸ್ಪಂದೂ...’

‘ಎರಡು ತಿಂಗಳು ಅಣ್ಣ. ಒಂದಲ್ಲ, ಎರಡು ಸಲ ನೀನೇ ತಂದುಕೊಟ್ಟಿ. ಕ್ಯಾರಿಬ್ಯಾಗಿನಾಗೆ ಸುತ್ಕಂಡು ಬಂದು ಕೊಟ್ಟಿ.’ ದನಿ ಏರಿರಲಿಲ್ಲ. ‘ರಾತ್ರಿ ಉರಿತಿತ್ತು ಗೊತ್ತಾ ಮುಖ.’ ಎದ್ದು ಹೋಗಿ ಬಚ್ಚಲ ಹಂಡೆಯಿಂದ ನೀರು ಮೊಗೆದು ಮುಖ ತೊಳೆದಳು. ತೊಳೆದು, ತೊಳೆದು, ಸೆರಗಿನಿಂದ ಒರೆಸಿಕೊಂಡು ಅವನನ್ನು ದಾಟಿ ಹೋಗಿ ಕುಚ್ಚಿನ ಮುಂದೆ ಕೂತಳು. ಕೂದಲನ್ನು ಹಿಂದಕ್ಕೆ ಎಳೆದು ಗಟ್ಟಿಯಾಗಿ ಗಂಟು ಹಾಕಿದಳು. ಎಡ ಹುಬ್ಬು ಬಾಗಿಲ ಕಡೆಗಿತ್ತು.

ಅವ್ವ ತೊಳೆದ ಪಾತ್ರೆಯ ಬುಟ್ಟಿ ಸೊಂಟಕ್ಕಿಟ್ಟು ಒಳಗೆ ಬಂದಳು. ಕ್ಯಾಮೆರಾ ಕಂಡಳು, ದುಡ್ಡಿನ ವಿಚಾರ ಆಮೇಲೆ ಬೈಯುವುದೆಂದು ಮುಖದಲ್ಲೇ ಬರೆದುಕೊಂಡಳು, ಆದರೂ ಕುತೂಹಲ ತಡೆಯಲಾಗದೆ ಹತ್ತಿರ ಬಂದಳು. ‘ಹೆಂಗೆ ಬಂತೋ ನಮ್ಮ ಹುಡುಗಿ? ತೋರ್ಸು.’

ಅವನು ಇನ್ನೂ ನೋಡಿರಲಿಲ್ಲ. ಗುಂಡಿ ಒತ್ತಿದ. ಪರದೆಯಲ್ಲಿ ಸ್ಪಂದನ ಬಂದಳು. ಕ್ರೀಮಿನ ಕೆಳಗೆ ಕೆಂಪಗೆ ಎದ್ದಿದ್ದ ಚರ್ಮ, ಹುಬ್ಬಿನ ಒಂದೊಂದು ಕೂದಲು ತಾನು ಬಾಗಬೇಕಾದ ಕಡೆಗೆ ಬಾಗಿ, ನಡುವೆ ಬುಗುರಿಯ ಮೊಳೆ ಹೋದ ದಾರಿ. ತುಟಿಯ ಒಂದು ತುದಿ ಸ್ವಲ್ಪವೇ ಮೇಲೆದ್ದಿತ್ತು. ಆ ತುಟಿಯನ್ನು ಅವನು ಬಲ್ಲ. ದಿನಾ ಅಂಗಡಿಯ ಕಂಪ್ಯೂಟರ್ ಆರಿಸಿದಾಗ ಕಪ್ಪು ಗಾಜಿನಲ್ಲಿ ಕಾಣುವ ತನ್ನದೇ ತುಟಿ, ಫ್ಲೆಕ್ಸಿನ ಹದಿನೇಳು ತಲೆಗಳನ್ನೂ ನೋಡಿ ಅವನು ಹೇಸಿಗೆಯಿಂದ ಓರೆ ಮಾಡುವ ತುಟಿ. ಅಭ್ಯಾಸದಿಂದ ಹೆಬ್ಬೆರಳು ಆ ಮೂಲೆಯ ಮೇಲೆ ಹೋಗಿ ಒರೆಸಿತು. ಗಾಜು ಒರೆಸಿತು, ಅಷ್ಟೇ.

ವರದಮ್ಮ ಕಣ್ಣು ಕಿರಿದು ಮಾಡಿ ಪರದೆಗೆ ಮುಖ ತಂದಳು. ಬಹಳ ಹೊತ್ತು ನೋಡಿದಳು. ಮಗಳ ಕಡೆ ಒಮ್ಮೆ ತಿರುಗಿದಳು. ಮಗಳು ದಾರಕ್ಕೆ ಮಣಿ ಪೋಣಿಸುತ್ತಿದ್ದಳು.

‘ಯವ್ವಾ, ಯಾರನ್ನ ಹಿಂಗೆ ನೋಡ್ತಿದ್ಲೋ ಇವಳು?’

‘ನನ್ನ’ ಎಂದ ಮಾಲತೇಶ.